ಬಿದರಿಯ ಕಪ್ಪು

ಚಿಂಚೋಳಿಯಿಂದ ಬಡಗಲಿಗೆ ಹೊರಟರೆ ಬೀದರ ಜಿಲ್ಲೆ ದೂರವೇನಲ್ಲ. ಸೇಡಂ, ಚಿತ್ತಾಪುರ, ಶಹಾಬಾದಗಳ ಹಳೆಯ ಮನೆಗಳಲ್ಲಿ ಒಂದು ಬಿದರಿ ಹೂದಾನಿಯೋ ಎಲೆಯಡಿಕೆಯ ಡಬ್ಬಿಯೋ ಇದ್ದರೆ ಅಚ್ಚರಿಪಡಬೇಕಾಗಿಲ್ಲ. ನಮ್ಮ ಮನೆಯಲ್ಲೂ ಅಂಥ ಒಂದು ಡಬ್ಬಿಯಿತ್ತು. ಹಬ್ಬದ ಹಿಂದಿನ ದಿನ ಹಿತ್ತಾಳೆಯ ಸಾಮಾನುಗಳೊಡನೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟೆವು. ಬೆಳ್ಳಿಯ ಬಳ್ಳಿ ಹೊಳೆಯಿತೇನೋ ನಿಜ. ಆದರೆ ಸುತ್ತಲಿನ ಕಪ್ಪು ಮಾಸಿ ಬೂದುಬಣ್ಣಕ್ಕೆ ತಿರುಗಿ, ಬಳ್ಳಿ ಯಾವುದು, ನೆಲ ಯಾವುದು ಎಂದು ತಿಳಿಯದಂತಾಯಿತು. ಆ ಕಪ್ಪನ್ನು ಕೊಳೆಯೆಂದು ಭಾವಿಸಿದ್ದೇ ತಪ್ಪು.

ಕೆತ್ತಿದ ಗೆರೆ ಎದ್ದು ಕಾಣಬೇಕಾದರೆ ಅದಕ್ಕೂ ನೆಲಕ್ಕೂ ಬಣ್ಣದ ಭೇದ ಬೇಕು. 18ನೆಯ ಶತಮಾನದ ಅಮೆರಿಕದಲ್ಲಿ ಬೇಟೆಗಾರರೂ ಸಿಪಾಯಿಗಳೂ ಕೋವಿಮದ್ದು ತುಂಬಿಡುವ ದನದ ಕೊಂಬಿನ ಮೇಲೆ ತಮ್ಮ ಹೆಸರು, ನದಿ, ಕೋಟೆಗಳ ನಕಾಶೆ ಮುಂತಾದುವನ್ನು ಗೀರಿ, ಗೀರಿನೊಳಗೆ ಮಸಿ ತಿಕ್ಕುತ್ತಿದ್ದರು. ತೆಳುಬಣ್ಣದ ನೆಲದ ಮೇಲೆ ಕಪ್ಪು ಗೆರೆ. ಬೀದರಿನ ಕಸಬುದಾರರದು ಇದಕ್ಕೆ ತಿರುವುಮುರುವು: ಗೆರೆ ಬಿಳಿ, ನೆಲ ಕಪ್ಪು. ಗೆರೆಗೆ ಬೆಳ್ಳಿ ತುಂಬುವುದು ಕೈಚಳಕದ ಮಾತು. ಆದರೆ ಬೆಳ್ಳಿಯನ್ನು ಹಾಗೆಯೇ ಬಿಟ್ಟು ನೆಲವನ್ನಷ್ಟೇ ಕಪ್ಪಾಗಿಸುವುದು ಹೇಗೆ?

ಬಿದರಿಯ ಲೋಹ ಬಹುಪಾಲು ಸತು. 16 ಪಾಲು ಸತುವಿಗೆ 1 ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಮಾಡಿದಾಗ ಅದು ತವರದಂತೆ ಬೆಳ್ಳಗಿರುವುದು. ಅದಕ್ಕೆ ಮೈಲುತುತ್ತದ ನೀರು ಸವರಿದರೆ ತತ್ಕಾಲಕ್ಕೆ ಕಪ್ಪೇರುವುದು. ಉಕ್ಕಿನ ಮೊನೆಯಿಂದ ಬರೆದ ಚಿತ್ರ ಕಣ್ಣಿಗೆ ಕಾಣಲೆಂದು ಈ ಉಪಾಯ. ಅನಂತರ ಸಣ್ಣ ಉಳಿಗಳಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಅದರೊಳಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸುತ್ತಾರೆ. ಬೆಸುಗೆಯಿಲ್ಲ, ಕೊರೆತದ ಅಂಚೇ ಬೆಳ್ಳಿಯನ್ನು ಹಿಡಿದುಕೊಳ್ಳಬೇಕು. ಬಳಿಕ ಉಜ್ಜಿ ಮೆರುಗು ಕೊಟ್ಟೊಡನೆ ಮೊದಲಿನ ಕಪ್ಪು ಹೊರಟುಹೋಗಿ, ಬೆಳ್ಳಿಯೂ ಸತುವೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬರುತ್ತವೆ. ಅಷ್ಟು ದಿನದ ಕೆಲಸ ಮಾಯವಾದಂತೆಯೇ ಸರಿ!

ಈಗ ಬರುವುದು ಕೋಟೆಯ ಮಣ್ಣಿನ ಸರದಿ. ಬೀದರ ಕೋಟೆಯೊಳಗೆ ಮಳೆ ಬಿಸಿಲು ತಾಗದ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕದಡಿ, ತುಸು ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ನೋಡುನೋಡುತ್ತಿದ್ದಂತೆ ನೆಲ ಕಪ್ಪಾಗುವುದು, ಬೆಳ್ಳಿ ಬೆಳ್ಳಗೇ ಉಳಿಯುವುದು. ಮಣ್ಣು ತಕ್ಕದ್ದೋ ಅಲ್ಲವೋ ಎಂದು ನಾಲಗೆಗೆ ಹಚ್ಚಿ ನೋಡುವ ಕಸಬುದಾರರುಂಟು. ಅದರಲ್ಲಿ ಪೆಟ್ಲುಪ್ಪಿನ ಅಂಶವಿದೆಯೆನ್ನುತ್ತಾರೆ. ಕೋವಿಮದ್ದಿಗೆ ಬೇಕಾದುದೂ ಅದೇ ಪೆಟ್ಲುಪ್ಪು! ಆದರೆ ಎಲ್ಲ ಕೀರ್ತಿಯೂ ಮಣ್ಣಿಗೇ ಸಲ್ಲದು. ಹಳೆಯ ಬಿದರಿ ಪಾತ್ರೆಗಳನ್ನು ಪರೀಕ್ಷಿಸಿದ ರಸಾಯನಜ್ಞರಿಗೆ ಗುಟ್ಟು ಸಿಕ್ಕಿದ್ದು ಸತುವಿನೊಡನೆ ಬೆರೆತ ಆ ಅಲ್ಪ ತಾಮ್ರದಲ್ಲಿ. ಲವಣಗಳು ಮೇಲ್ಮೈಯ ಸತುವನ್ನು ಕರಗಿಸುತ್ತವೆ. ಹಿಂದುಳಿದ ತಾಮ್ರ ತೆಳ್ಳನೆಯ ಕಪ್ಪು ಪೊರೆಯಾಗುತ್ತದೆ. ಬರಿಯ ಸತುವಿನ ಮೇಲೆ ಈ ಕಪ್ಪು ಮೂಡದು.

ಪೊರೆ ಅಷ್ಟು ತೆಳ್ಳಗಿರುವಾಗ ಬೂದಿಯ ತಿಕ್ಕಾಟವನ್ನು ತಾಳುವುದೆಂತು? ಬಿದರಿಗೆ ಮೆತ್ತನೆಯ ಒಣ ಬಟ್ಟೆ, ಆಗಾಗ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಹುಳಿ ಸೋಕಿಸಲೇಬಾರದು.

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿ ಪದ್ಮಶ್ರೀ ಸಂದಿತು. ನಮ್ಮ ಡಬ್ಬಿಯನ್ನು ಬೀದರಿಗೇ ಒಯ್ದೆವು. ಅಲ್ಲಿನ ಕಸಬುದಾರರೊಬ್ಬರು ಮತ್ತೆ ಮಣ್ಣು ಹಚ್ಚಿ ಕಪ್ಪೇರಿಸಿ ಕೊಟ್ಟರು; ಆದರೆ ತಿಕ್ಕಿ ಸವೆಸಿದ ಕಡೆ ಎರಡು ಎಲೆಗಳ ಬೆಳ್ಳಿ ಎದ್ದುಹೋಗಿತ್ತು, ಆ ಜಾಗ ಹಾಗೆಯೇ ಉಳಿದಿದೆ. ಕಲಬುರಗಿಯಿಂದ ಬೀದರಿಗೆ 2017ರಿಂದ ನೇರ ರೈಲುದಾರಿಯಿರುವುದರಿಂದ ವಾಡಿ, ಶಹಾಬಾದದವರಿಗೂ ಈಗ ಅಲ್ಲಿಗೆ ಹೋಗಿಬರುವುದು ಸುಲಭ.