ಸೀರೆ ಅಮ್ಮನದು, ರವಿಕೆ ಈ ವರ್ಷದ್ದು

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ಹಿರಿಯರು ಹೇಳಿದರು. ಆ ಪರರ ಇಚ್ಛೆ ಮೂರು ತಿಂಗಳಿಗೊಮ್ಮೆ ಬದಲಾಗುವ ಕಾಲ ಬರುವುದೆಂದು ಅವರು ಎಣಿಸಿರಲಾರರು. ಯುಗಾದಿಯಲ್ಲಿ ನಾಲ್ವರ ಮೆಚ್ಚುಗೆ ಪಡೆದ ರವಿಕೆಯ ತೋಳು ವರಮಹಾಲಕ್ಷ್ಮಿಯ ಹಬ್ಬಕ್ಕೆ ಹಳತಾಗುತ್ತದೆ. ಗೌರಿಹಬ್ಬಕ್ಕೆಂದು ಹೊಲಿಸಿದ ಕೊರಳು ಸಂಕ್ರಾಂತಿಯ ಎಳ್ಳು ಬೀರುವ ವೇಳೆಗೆ 'ಅಯ್ಯೋ, ಇದು ಇನ್ನೂ ನಡೆಯುತ್ತಿದೆಯೆ?' ಎನ್ನಿಸಿಕೊಳ್ಳುತ್ತದೆ. ಈ ಓಟದ ಜೊತೆಗೆ ಓಡಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ಓಡದೆ ನಿಂತರೆ ಮನಸ್ಸು ಮುದುಡುತ್ತದೆ. ಮಧ್ಯಮ ವರ್ಗದ ಗೃಹಿಣಿಯಾಗಲಿ, ಕಚೇರಿಗೆ ಹೋಗುವ ಅವಳ ಮಗಳಾಗಲಿ ಏನು ಮಾಡಬೇಕು?

ನಮ್ಮ ಉಡುಪಿನ ರಚನೆಯಲ್ಲಿಯೇ ಇದಕ್ಕೊಂದು ಸುಲಭವಾದ ಉತ್ತರ ಅಡಗಿದೆ. ಸೀರೆಗೆ ಅಳತೆಯಿಲ್ಲ, ತಾಯಿ ಉಟ್ಟದ್ದನ್ನು ಮಗಳು ಉಡಬಹುದು, ಮೈ ತುಂಬಿಕೊಂಡ ಮೇಲೂ ಉಡಬಹುದು. ರವಿಕೆಗೆ ಮಾತ್ರ ಅಳತೆಯಿದೆ. ಅದು ಒಂದು ದೇಹಕ್ಕೆ, ಒಂದು ವಯಸ್ಸಿಗೆ, ಒಂದು ಕಾಲಕ್ಕೆ ಸೇರಿದ್ದು. ಆದುದರಿಂದ ಫ್ಯಾಷನ್ ಕೇಳುವ ಕಪ್ಪವನ್ನು ರವಿಕೆಯಿಂದ ಸಲ್ಲಿಸಿ, ಸೀರೆಯನ್ನು ಉಳಿಸಿಕೊಳ್ಳುವುದೇ ಜಾಣತನ. ಒಂದು ಮೀಟರಿನಷ್ಟು ಬಟ್ಟೆಗೂ ಐದೂವರೆ ಮೀಟರ್ ರೇಷ್ಮೆಗೂ ಬೆಲೆಯಲ್ಲಿ ಎಷ್ಟು ಅಂತರವೆಂಬುದನ್ನು ಯಾವ ಗೃಹಿಣಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಹಗಲು, ಮೂರು ಋತು

ಬೆಂಗಳೂರಿನ ಪೂರ್ವಕ್ಕೆ, ಹೊರ ವರ್ತುಲ ರಸ್ತೆಗೆ ತಾಗಿಕೊಂಡು, ಬಾಣಸವಾಡಿಗೂ ಕೃಷ್ಣರಾಜಪುರಕ್ಕೂ ನಡುವೆ ಬೆಳೆದಿರುವ ಬಡಾವಣೆ ರಾಮಮೂರ್ತಿ ನಗರ. ಇಲ್ಲಿಂದ ವೈಟ್‌ಫೀಲ್ಡಿನ ಕಚೇರಿಯೊಂದಕ್ಕೆ ಹೊರಡುವ ಹೆಣ್ಣುಮಗಳ ಏಪ್ರಿಲ್ ತಿಂಗಳ ದಿನವನ್ನು ಊಹಿಸಿಕೊಳ್ಳಿ. ಬೆಳಗಿನ ಒಂಬತ್ತಕ್ಕೇ ಬಸ್ಸಿನ ನಿಲ್ದಾಣದಲ್ಲಿ ಬಿಸಿಲು ಚುರುಗುಟ್ಟುತ್ತದೆ. ಕೃಷ್ಣರಾಜಪುರದಲ್ಲಿ, ೨೦೨೩ರಲ್ಲಿ ಆರಂಭವಾದ ವೈಟ್‌ಫೀಲ್ಡ್ ಮಾರ್ಗದ ಮೆಟ್ರೊ ಹತ್ತಿದೊಡನೆ ತಂಪು ಗಾಳಿ ಬೀಸುತ್ತದೆ. ಕಚೇರಿಯೊಳಗೆ ಸಂಜೆಯವರೆಗೂ ಮಾಗಿಯ ಚಳಿ. ಹಿಂತಿರುಗುವ ಹೊತ್ತಿಗೆ ಗುಡುಗು, ಧೂಳು, ದಪ್ಪ ಹನಿಯ ಮಳೆ. ಪಂಚಾಂಗದಲ್ಲಿ ಅದು ವಸಂತ. ಆಕೆಯ ಮೈಗೆ ಅದು ಬೇಸಿಗೆ, ಚಳಿ, ಮಳೆ ಮೂರೂ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಋತುಗಳು ಅತಿರೇಕಕ್ಕೆ ಹೋಗುವುದು ಕಡಿಮೆ. ಏಪ್ರಿಲ್ಲಿನ ಹಗಲಿನ ಉಷ್ಣತೆ ಸರಾಸರಿ ೩೪ ಡಿಗ್ರಿಯ ಆಸುಪಾಸು. ಜನವರಿಯ ರಾತ್ರಿ ೧೬ರ ಆಸುಪಾಸು. ಅತಿ ಹೆಚ್ಚು ಮಳೆ ಸುರಿಯುವುದು ಆಷಾಢದಲ್ಲಲ್ಲ. ಸೆಪ್ಟೆಂಬರ್ ತಿಂಗಳಲ್ಲಿ, ಗೌರಿ ಗಣೇಶರು ಬಂದುಹೋಗುವ ದಿನಗಳಲ್ಲಿ. ಆದರೆ ಫ್ಯಾಷನ್ನಿನ ಚಿತ್ರಗಳು ಬರುವುದು ಬಹುಮಟ್ಟಿಗೆ ದಿಲ್ಲಿಯಿಂದ, ಮುಂಬಯಿಯಿಂದ. ಉತ್ತರದಲ್ಲಿ ಮದುವೆಗಳ ಭರಾಟೆ ಚಳಿಗಾಲದಲ್ಲಿ. ಅಲ್ಲಿ ಮಖಮಲ್ಲಿನ ಉದ್ದ ತೋಳಿನ ರವಿಕೆ ಸೊಗಸೂ ಹೌದು, ಅಗತ್ಯವೂ ಹೌದು. ಆ ಚಿತ್ರವನ್ನು ನೋಡಿ ನಮ್ಮ ವೈಶಾಖದ ಮದುವೆಗೆ ಮಖಮಲ್ಲು ತೊಟ್ಟು, ಕಲ್ಯಾಣಮಂಟಪದ ಹೋಮದ ಹೊಗೆಯ ಮುಂದೆ ಕುಳಿತವಳ ಪಾಡು ಯಾರಿಗೂ ಬೇಡ. ಬೆವರುತ್ತ, ಸೆರಗಿನಿಂದ ಬೀಸಿಕೊಳ್ಳುತ್ತ ಕುಳಿತವಳ ಮುಖದಲ್ಲಿ ಯಾವ ಫ್ಯಾಷನ್ನೂ ಕಳೆಗಟ್ಟದು.

ತೋಳು ಇಳಿದ ಕಥೆ, ಏರಿದ ಕಥೆ

ಫ್ಯಾಷನ್ ರವಿಕೆಯ ಮೇಲೆಯೇ ತನ್ನ ಆಟವನ್ನು ಆಡುತ್ತ ಬಂದಿದೆ ಎಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. ಕುಪ್ಪಸ ನಮ್ಮಲ್ಲಿ ಹಳೆಯದು. ಆದರೆ ಒಳಲಂಗ, ಹೊಲಿದ ರವಿಕೆಗಳೊಡನೆ ಸೀರೆಯುಡುವ ಇಂದಿನ ರೀತಿ ದೇಶದಾದ್ಯಂತ ಹರಡುವುದಕ್ಕೆ ಬಂಗಾಳದ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿಯವರು ೧೮೬೦ರ ದಶಕದಲ್ಲಿ ಮುಂಬಯಿಯಲ್ಲಿ ಕಂಡು ರೂಢಿಗೆ ತಂದ ಉಡುಗೆಯೂ ಒಂದು ಮುಖ್ಯ ಕಾರಣ. ಅಂದಿನಿಂದ ತೋಳು ಇಳಿದಿದೆ, ಏರಿದೆ, ಉಬ್ಬಿದೆ, ಮಾಯವೂ ಆಗಿದೆ. ೧೯೪೦ರ ಸುಮಾರಿಗೆ ಭುಜದ ಬಳಿ ಬುಗ್ಗೆಯಂತೆ ಉಬ್ಬಿದ ಪಫ್ ತೋಳು. ೧೯೬೦ರ ದಶಕದಲ್ಲಿ ಮೈಗೆ ಅಂಟಿದ ಹೊಲಿಗೆ, ತೋಳಿಲ್ಲದ ರವಿಕೆ. ಬಿ. ಸರೋಜಾದೇವಿಯವರ ಸೀರೆ, ರವಿಕೆ, ಕೇಶಾಲಂಕಾರಗಳನ್ನು ಅಂದಿನ ತರುಣಿಯರು ಅನುಕರಿಸಿದರು. ೧೯೯೪ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಚಿತ್ರದಲ್ಲಿ ಮಾಧುರಿ ದೀಕ್ಷಿತರ ನೇರಳೆ ಬಣ್ಣದ ಸೀರೆಗಿಂತ ಹೆಚ್ಚಾಗಿ ಜನ ನೆನಪಿಟ್ಟುಕೊಂಡದ್ದು ಆ ರವಿಕೆಯ ಬೆನ್ನನ್ನು! ಈಚಿನ ವರ್ಷಗಳಲ್ಲಿ ಮಗ್ಗಂ ವರ್ಕಿನ ಕಾಲ. ಕಸೂತಿಯ ಚೌಕಟ್ಟಿಗೆ ಬಿಗಿದು, ಮಣಿ ಜರಿಗಳನ್ನು ಪೋಣಿಸಿದ ರವಿಕೆಯ ಬೆಲೆ ಹಲವು ವೇಳೆ ಸೀರೆಯ ಬೆಲೆಯನ್ನೂ ಮೀರುತ್ತದೆ. ಇಲ್ಲಿ ಎಚ್ಚರಿಕೆ ಬೇಕು. ಬೇಗ ಹಳತಾಗುವ ವಸ್ತುವಿಗೆ ಹೆಚ್ಚು ಹಣ ಸುರಿದರೆ, ಸೀರೆಯಲ್ಲಿ ಉಳಿಸಿದ್ದೆಲ್ಲ ರವಿಕೆಯಲ್ಲಿ ಕರಗಿಹೋಗುತ್ತದೆ.

ಗುಳೇದಗುಡ್ಡದ ಪಾಠ

ಸೀರೆಯೊಂದು, ರವಿಕೆಯೊಂದು ಎಂಬ ವಿಂಗಡಣೆ ಹೊಸತೇನೂ ಅಲ್ಲ. ಬಾಗಲಕೋಟೆ ಜಿಲ್ಲೆಯ ಎರಡು ಊರುಗಳು ಇದನ್ನು ತಲೆತಲಾಂತರದಿಂದ ಬಲ್ಲವು. ಇಳಕಲ್ಲಿನ ಮಗ್ಗದಲ್ಲಿ ಸೀರೆ. ಗುಳೇದಗುಡ್ಡದ ಮಗ್ಗದಲ್ಲಿ ಕುಪ್ಪಸದ ಖಣ. ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಖಣವೋ ಕಿರಿದಾದ ಪನ್ನದ, ಮಿರುಗುವ ಬಟ್ಟೆ. ಅದರ ಮೈತುಂಬ ತೇರು, ಆನೆಹೆಜ್ಜೆ ಮೊದಲಾದ ಹೆಸರಿನ ಪುಟ್ಟ ಚಿತ್ತಾರ. ದಟ್ಟ ನೀಲಿಯ ಸೀರೆಗೆ ಕುಂಕುಮಗೆಂಪಿನ ಖಣ ತೊಟ್ಟ ಉತ್ತರ ಕರ್ನಾಟಕದ ರೈತ ಮಹಿಳೆಗೆ ವರ್ಣಸಂಯೋಜನೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸೀರೆಯ ತುದಿಯಲ್ಲಿಯೇ ಅದೇ ಬಣ್ಣದ ರವಿಕೆಯ ಬಟ್ಟೆ ಅಂಟಿಕೊಂಡು ಬರತೊಡಗಿದ ಮೇಲೆ 'ಮ್ಯಾಚಿಂಗ್' ಎಂಬ ಮಂತ್ರ ಮನೆಮನೆಯನ್ನು ಹೊಕ್ಕಿತು. ಖಣದ ಬೇಡಿಕೆ ಕುಗ್ಗಿತು. ಈಗ ಕಾಲಚಕ್ರ ಮತ್ತೆ ತಿರುಗಿದೆ. ಭಿನ್ನ ಬಣ್ಣದ ರವಿಕೆಯೇ ಇಂದಿನ ಫ್ಯಾಷನ್. ಖಣ ನಗರಗಳ ಅಂಗಡಿಗಳಿಗೆ ಮರಳಿದೆ, ಅದರಿಂದ ಸೀರೆ ಕೈಚೀಲಗಳೂ ಆಗುತ್ತಿವೆ. ಕೊಳ್ಳುವಾಗ ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂದು ಒಂದು ಮಾತು ಕೇಳುವುದು ಒಳ್ಳೆಯದು. ಆ ಪ್ರಶ್ನೆಯನ್ನು ನಂಬಿ ಬದುಕುವ ನೇಕಾರರ ಮನೆಗಳಿವೆ.

ಹಳೆಯ ಮೈಸೂರಿನ ಕಡೆಯೂ ಇದೇ ಮಾತು ರವಿಕೆಕಣದ ರೂಪದಲ್ಲಿದೆ. ತಾಂಬೂಲದೊಡನೆ ಕೊಟ್ಟ ಕಣಗಳು ಪ್ರತಿ ಮನೆಯ ಬೀರುವಿನಲ್ಲೂ ಒಂದು ಅಡಕಿಲು ಇರುತ್ತವೆ. ಒಂದೇ ಕಣ ವರಮಹಾಲಕ್ಷ್ಮಿಯಿಂದ ನವರಾತ್ರಿಯವರೆಗೆ ನಾಲ್ಕು ಮನೆ ಸುತ್ತಿ, ಮೊದಲು ಕೊಟ್ಟವರ ಕೈಗೇ ಬಂದು ಸೇರುವ ವಿನೋದವೂ ಉಂಟು. ಅವುಗಳಲ್ಲಿ ಒಳ್ಳೆಯ ಹತ್ತಿಯವನ್ನು ಆರಿಸಿ ಹೊಲಿಸಿದರೆ ಒಂದು ಬೇಸಿಗೆ ಕಳೆಯುತ್ತದೆ.

ಯಾರಿಗೆ ಯಾವುದು ಒಪ್ಪುತ್ತದೆ?

ನೋಡುವವರ ಕಣ್ಣು ಗೆರೆ ನಿಂತಲ್ಲಿ ನಿಲ್ಲುತ್ತದೆ. ರವಿಕೆಯ ಸೊಗಸೆಲ್ಲ ಈ ಒಂದು ಸೂತ್ರದಲ್ಲಿದೆ. ತೋಳು ತುಂಬಿಕೊಂಡವರು ತೋಳಿನ ಅತಿ ದಪ್ಪವಾದ ಭಾಗದಲ್ಲಿಯೇ ಮುಗಿಯುವ ಗಿಡ್ಡ ತೋಳನ್ನು ಬಿಟ್ಟು, ಮೊಣಕೈಯವರೆಗೆ ಇಳಿಸಿದರೆ ಕೈ ಸಪೂರವಾಗಿ ಕಾಣುತ್ತದೆ. ಕತ್ತು ಗಿಡ್ಡವಾದವರಿಗೆ ಆಳವಾದ ದುಂಡು ಕೊರಳಾಗಲಿ, ಮುಮ್ಮೂಲೆಯ ಕೊರಳಾಗಲಿ ಹಿತ. ನೀಳವಾದ ಕತ್ತಿನವರಿಗೆ ಮುಚ್ಚು ಕೊರಳು, ಕಾಲರು ಚೆನ್ನು. ಬೋಟ್ ನೆಕ್ ಭುಜವನ್ನು ಅಗಲವಾಗಿ ತೋರಿಸುತ್ತದೆ. ಕಿರಿದಾದ ಭುಜದವರಿಗೆ ಅದು ವರ, ಅಗಲ ಭುಜದವರಿಗೆ ಭಾರ. ಪಫ್ ತೋಳಿನದೂ ಇದೇ ನ್ಯಾಯ. ಕೊರಳು ಅಗಲ, ಬೆನ್ನೂ ಆಳ ಎಂದರೆ ಭುಜ ಜಾರುತ್ತದೆ. ದಿನವಿಡೀ ಭುಜವನ್ನು ಎಳೆದುಕೊಳ್ಳುತ್ತಿರುವವಳು ಎಷ್ಟು ಚೆಲುವೆಯಾದರೂ ಚಡಪಡಿಸುವಂತೆ ತೋರುತ್ತಾಳೆ.

ಸೀರೆಯ ವಿಷಯದಲ್ಲೂ ಹೀಗೆಯೆ. ಅಗಲವಾದ ಅಂಚು ಎತ್ತರವನ್ನು ಅಡ್ಡಕ್ಕೆ ಕತ್ತರಿಸುತ್ತದೆ. ಗಿಡ್ಡ ನಿಲುವಿನವರಿಗೆ ಸಣ್ಣ ಅಂಚು, ಸಣ್ಣ ಬುಟ್ಟಾ ಲೇಸು. ಗಂಜಿ ಹಾಕಿದ ಹತ್ತಿಯ ಸೀರೆ ಉಬ್ಬಿ ನಿಲ್ಲುವುದರಿಂದ ತೆಳ್ಳಗಿನವರಿಗೆ ಮೈದುಂಬುತ್ತದೆ. ಮೈಸೂರು ರೇಷ್ಮೆಯ ಕ್ರೇಪ್ ತೂಗಿ ಇಳಿಯುವುದರಿಂದ ನಿರಿಗೆ ಉಬ್ಬದೆ ನೇರವಾಗಿ ನಿಲ್ಲುತ್ತದೆ. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಈ ಸೀರೆ ಇಂದಿಗೂ ಹಳತೆನ್ನಿಸಿಕೊಳ್ಳದಿರುವುದಕ್ಕೆ ಈ ಗುಣವೂ ಒಂದು ಕಾರಣ. ಭಿನ್ನ ಬಣ್ಣದ ರವಿಕೆ ಆರಿಸುವಾಗ ಅಂಚಿನಲ್ಲೋ ಬುಟ್ಟಾದಲ್ಲೋ ಒಂದಿಷ್ಟಾದರೂ ಕಾಣುವ ಬಣ್ಣವನ್ನು ಹಿಡಿದರೆ ತಪ್ಪುವ ಭಯವಿಲ್ಲ. ಅಂಗಡಿಯ ದೀಪವನ್ನು ನಂಬದೆ ಬಟ್ಟೆಯನ್ನು ಬಾಗಿಲ ಬೆಳಕಿಗೆ ತಂದು ನೋಡಬೇಕು.

ಕಾಲಕ್ಕೆ ತಕ್ಕ ಬಟ್ಟೆ

ಬೇಸಿಗೆಯಲ್ಲಿ ಮೊದಲು ಬೆವರುವುದು ರವಿಕೆ. ಸೀರೆ ಯಾವುದೇ ಇರಲಿ, ರವಿಕೆ ಹತ್ತಿಯದಾಗಿರಲಿ, ಅದರ ಲೈನಿಂಗೂ ತೆಳುವಾದ ಹತ್ತಿಯದೇ ಆಗಿರಲಿ. ಮೇಲೆ ಹತ್ತಿ ಹಾಕಿ ಒಳಗೆ ಪಾಲಿಯೆಸ್ಟರ್ ಕೊಟ್ಟರೆ ಹತ್ತಿಯ ಸುಖ ಹೋಯಿತು. ವೈಶಾಖದ ಮದುವೆಗೆ ರೇಷ್ಮೆ ಉಡಲೇಬೇಕಾದವರು ಅದಕ್ಕೊಂದು ಹತ್ತಿಯ ಬುಟ್ಟಾ ರವಿಕೆ ಹೊಲಿಸಿಕೊಂಡರೆ ಮುಹೂರ್ತ ಸುಖವಾಗಿ ಕಳೆಯುತ್ತದೆ. ಬೆವರಿಗೆ ರೇಷ್ಮೆ ಕಲೆಗಟ್ಟುವ, ಜರಿ ಕಪ್ಪಾಗುವ ಚಿಂತೆಯೂ ತಪ್ಪುತ್ತದೆ.

ಮಳೆಗಾಲದಲ್ಲಿ ಬೇಗ ಒಣಗುವ ಜಾರ್ಜೆಟ್ಟು, ಪಾಲಿಯೆಸ್ಟರುಗಳಿಗೆ ಮನ್ನಣೆ ಕೊಡಬಹುದು. ಗಾಢ ಬಣ್ಣದ ಹೊಸ ರವಿಕೆಯ ಒಳಬದಿಯನ್ನು ಒದ್ದೆಯ ಬಿಳಿ ಬಟ್ಟೆಯಿಂದ ಒಮ್ಮೆ ಒತ್ತಿ ನೋಡಿ. ಬಣ್ಣ ಹತ್ತಿದರೆ ತಿಳಿ ಬಣ್ಣದ ಸೀರೆಯ ಜೊತೆ ಅದನ್ನು ಮಳೆಯಲ್ಲಿ ತೊಡಬಾರದು. ಧನುರ್ಮಾಸದ ಬೆಳಗಿಗೆ ರೇಷ್ಮೆಯ ಉದ್ದ ತೋಳು ಬೆಚ್ಚಗೆ. ಮಖಮಲ್ಲಿಗೂ ಇದೇ ಕಾಲ. ಕಚೇರಿಯ ಚಳಿಗೆ ಮೊಣಕೈ ದಾಟಿದ ಹತ್ತಿಯ ತೋಳು ವರ್ಷವಿಡೀ ಸಲ್ಲುತ್ತದೆ. ದ್ವಿಚಕ್ರ ವಾಹನದ ಹಿಂದೆ ಕೂರುವವರಿಗೆ ಇನ್ನೊಂದು ಮಾತು: ತೇಲುವ ಸೆರಗು ಚಿತ್ರದಲ್ಲಿ ಚೆಂದ, ರಸ್ತೆಯಲ್ಲಿ ಮೃತ್ಯು. ಹಿಂಬದಿಯ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ವಾಹನಕ್ಕೆ ಇರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅದು ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಕೂರಬೇಕು.

ಬೀರುವಿನೊಳಗಿನ ನಷ್ಟ

ಬಟ್ಟೆಗೆ ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿದರೆ ಚಿಕ್ಕಪೇಟೆ. ಹೊಲಿಗೆಗೆ ಮಾತ್ರ ಮನೆಯ ಹತ್ತಿರದವರೇ ಮೇಲು. ಅಳತೆ ಒಮ್ಮೆಗೆ ಸರಿಬರುವುದು ಅಪರೂಪ, ಎರಡನೆಯ ಸಲ ಹೋಗಲೇಬೇಕು. ಹೊಲಿಗೆಯವರಿಗೆ ಹೇಳಬೇಕಾದ ಮುಖ್ಯ ಮಾತು ಒಂದೇ: ಪಕ್ಕದ ಹೊಲಿಗೆಯ ಒಳಗೆ ಎರಡೂ ಕಡೆ ಒಂದಂಗುಲಕ್ಕೆ ಕಡಿಮೆಯಿಲ್ಲದೆ ಬಟ್ಟೆ ಬಿಡಿ. ಅಷ್ಟು ಬಟ್ಟೆ ಉಳಿದಿದ್ದರೆ ರವಿಕೆಗೆ ಇನ್ನೂ ನಾಲ್ಕು ವರ್ಷ ಆಯುಷ್ಯ. ಹಬ್ಬದ ವಾರದಲ್ಲಿ ಓಡಿಹೋಗುವ ಬದಲು ಆಷಾಢದಲ್ಲಿಯೇ ಕೊಟ್ಟರೆ ಅವರಿಗೂ ಬಿಡುವು, ಹೊಲಿಗೆಯೂ ಅಚ್ಚುಕಟ್ಟು.

ಈ ಒಂದಂಗುಲದ ಲೆಕ್ಕ ತಪ್ಪಿದ್ದರಿಂದ ಆಗಿರುವ ನಷ್ಟ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ತಾಯಿಯ ಧಾರೆಯ ಸೀರೆ, ಅಜ್ಜಿ ಉಟ್ಟ ಪಟ್ಟೆಸೀರೆ ಬೀರುವಿನ ತಳದಲ್ಲಿ ಮಲಗಿವೆ. ಕೇಳಿದರೆ 'ರವಿಕೆ ಹಿಡಿಸುವುದಿಲ್ಲ' ಎಂಬ ಉತ್ತರ. ಒಂದು ರವಿಕೆ ಚಿಕ್ಕದಾಯಿತೆಂದು ಒಂದು ಸೀರೆಗೆ ವನವಾಸ! ಅಲ್ಲಿ ಅದು ಸುರಕ್ಷಿತವಾಗಿಯೂ ಇರುವುದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಜರಿಯ ರೇಷ್ಮೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ. ಉಟ್ಟು ಸವೆದ ಸೀರೆಗೆ ನೆನಪುಗಳಾದರೂ ಇರುತ್ತವೆ. ಉಡದೆ ಸೀಳಿದ ಸೀರೆಗೆ ಏನಿದೆ?

ಆದುದರಿಂದ ಮುಂದಿನ ಹಬ್ಬಕ್ಕೆ ಅಂಗಡಿಗೆ ಹೊರಡುವ ಮುನ್ನ ಬೀರುವಿನ ಬಾಗಿಲು ತೆರೆಯಲಿ. ಹಳೆಯ ಸೀರೆಯನ್ನು ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ, ಅದರ ಬುಟ್ಟಾದಲ್ಲಿ ಯಾವ ಬಣ್ಣ ಅಡಗಿದೆಯೆಂದು ತಾಯಿ ಮಗಳು ಕೂಡಿ ನೋಡಲಿ. ಆ ಬಣ್ಣದ ಒಂದು ಮೀಟರ್ ಬಟ್ಟೆ, ಈ ವರ್ಷದ ಒಂದು ತೋಳು, ತನ್ನ ಕತ್ತಿಗೆ ಒಪ್ಪುವ ಒಂದು ಕೊರಳು: ಮಗಳಿಗೆ ಹೊಸತಾಯಿತು, ತಾಯಿಗೆ ತನ್ನದನ್ನು ಮತ್ತೆ ಕಂಡಂತಾಯಿತು.