ಮೇಸಾ ಎಂಬ ಮೂಟೆ ಕಟ್ಟುವವರು

ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಆಟವೊಂದು ತೊಡರದೆ ಓಡಿದರೆ, ಬಹುತೇಕ ಸಲ ಅದರ ಹಿಂದೆ ಮೇಸಾ ಎಂಬ ಲೈಬ್ರರಿ ಇರುತ್ತದೆ. ಓಪನ್‌ಜಿಎಲ್, ವಲ್ಕನ್ ಮೂಲಕ ಪ್ರೋಗ್ರಾಂಗಳು ಕೇಳಿದ ಚಿತ್ರವನ್ನು ಇಂಟೆಲ್, ಎಎಂಡಿ ಚಿಪ್ಪುಗಳಿಂದ ಬರೆಸುವುದು ಅದರ ಕೆಲಸ. ಬ್ರಿಯಾನ್ ಪಾಲ್ ಇದನ್ನು ಆರಂಭಿಸಿದ್ದು 1993ರ ಆಗಸ್ಟ್‌ನಲ್ಲಿ. ಅದೇ ತಿಂಗಳ 16ರಂದು ಇಯಾನ್ ಮರ್ಡಾಕ್ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಯೋಜನೆಯನ್ನು ಘೋಷಿಸಿದರು. ಇಂದು ಮೇಸಾವನ್ನು ಡೆಬಿಯನ್‌ಗೆ ಹೊಂದಿಸಿ ಕೊಡುವ ತಂಡಕ್ಕೆ ‘ಎಕ್ಸ್ ಸ್ಟ್ರೈಕ್ ಫೋರ್ಸ್’ ಎಂದು ಹೆಸರು. ಕಮಾಂಡೋ ಪಡೆಯ ಹೆಸರಿನಂತಿದ್ದರೂ ಕೆಲಸ ಮಾತ್ರ ಲೆಕ್ಕ ಬರೆಯುವವರಷ್ಟು ತಾಳ್ಮೆಯದು.

ಮೇಸಾದವರು ಬಿಡುಗಡೆ ಮಾಡುವುದು ಬರೀ ಸೋರ್ಸ್ ಕೋಡ್. ಪ್ಯಾಕೇಜ್ ಕಟ್ಟುವವರು ಅದಕ್ಕೆ ‘ಡೆಬಿಯನ್’ ಎಂಬ ಫೋಲ್ಡರ್ ಸೇರಿಸುತ್ತಾರೆ. ಹೇಗೆ ಕಂಪೈಲ್ ಮಾಡಬೇಕು, ಯಾವುದು ಯಾವುದನ್ನು ಅವಲಂಬಿಸಿದೆ, ಯಾವ ಕಡತಕ್ಕೆ ಯಾವ ಲೈಸೆನ್ಸ್ ಎಂಬುದೆಲ್ಲ ಅದರಲ್ಲಿರುತ್ತದೆ. ಆಮೇಲೆ ಒಂದೇ ಕೋಡನ್ನು ಹಲವು ಪ್ಯಾಕೇಜುಗಳಾಗಿ ಒಡೆಯುತ್ತಾರೆ. ಓಪನ್‌ಜಿಎಲ್ ಡ್ರೈವರುಗಳು ಒಂದರಲ್ಲಿ, ವಲ್ಕನ್ ಡ್ರೈವರುಗಳು ಇನ್ನೊಂದರಲ್ಲಿ, ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಹೆಡರ್ ಕಡತಗಳು ಬೇರೆಯೇ. ‘ಲಿಬ್‌ಜಿಬಿಎಂ1’ ಎಂಬ ಪ್ಯಾಕೇಜಿನ ಹೆಸರಿನ ಕೊನೆಯ ಅಂಕಿ ಒಂದು ವಾಗ್ದಾನ: ಈ ಲೈಬ್ರರಿಯನ್ನು ನಂಬಿ ಕಟ್ಟಿದ ಹಳೆಯ ಪ್ರೋಗ್ರಾಂ ನಾಳೆಯೂ ನಡೆಯುತ್ತದೆ. ವಾಗ್ದಾನ ಮುರಿಯಬೇಕಾಗಿ ಬಂದರೆ ಅಂಕಿ ಬದಲಾಗುತ್ತದೆ, ನಂಬಿದವುಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಹೊಸ ಹೆಸರಿನ ಪ್ಯಾಕೇಜನ್ನು ಮನುಷ್ಯರೇ ಪರಿಶೀಲಿಸಿ ಒಳಗೆ ಬಿಡುತ್ತಾರೆ.

ಡೆಬಿಯನ್ ಹಲವು ಬಗೆಯ ಯಂತ್ರಗಳಲ್ಲಿ ಓಡಬೇಕಾದ್ದರಿಂದ ಐಬಿಎಂ ಮೇನ್‌ಫ್ರೇಮಿಗೂ ಮೇಸಾ ಕಟ್ಟುತ್ತಾರೆ. ಅದರಲ್ಲಿ ಯಾರು ಆಟ ಆಡುತ್ತಾರೆ ಎಂದು ಕೇಳಬೇಡಿ; ಮೇಸಾವನ್ನು ಬೇಡುವ ಬೇರೆ ಪ್ಯಾಕೇಜುಗಳು ಅಲ್ಲೂ ಇವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಡೆ ಪ್ರೊಸೆಸರೇ ಚಿತ್ರ ಬಿಡಿಸುತ್ತದೆ, ನಿಧಾನವಾಗಿ.

ಕೋಡ್ ಚೆನ್ನಾಗಿದ್ದರೆ ಸಾಲದು, ಕಾನೂನೂ ಒಪ್ಪಬೇಕು. ಆಟಗಳಲ್ಲಿ ಚಿತ್ರದ ಹೊದಿಕೆಗಳನ್ನು ಕುಗ್ಗಿಸಿಡುವ ಎಸ್3ಟಿಸಿ ವಿಧಾನದ ಮೇಲೆ ಪೇಟೆಂಟ್ ಇತ್ತು. ಹಾಗಾಗಿ ಮೇಸಾ ಅದನ್ನು ವರ್ಷಗಟ್ಟಲೆ ಹೊರಗಿಟ್ಟಿತು. ಬೇಕಾದವರು ಬೇರೊಂದು ಲೈಬ್ರರಿಯನ್ನು ಹುಡುಕಿ ಹಾಕಿಕೊಳ್ಳುತ್ತಿದ್ದರು. 2017ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಅದು ಮೇಸಾದೊಳಗೇ ಬಂತು.

ನಿಜವಾದ ಜಗ್ಗಾಟ ಸಮಯದ್ದು. ಮೇಸಾ ಸುಮಾರು ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಡೆಬಿಯನ್ ಸ್ಥಿರ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ. 2023ರ ಜೂನಿನಲ್ಲಿ ಬಂದ ‘ಬುಕ್‌ವರ್ಮ್’ ಮೇಸಾ 22.3ರಲ್ಲೇ ನಿಂತಿತು. ಲೆಕ್ಕದ ತಂತ್ರಾಂಶವೊಂದು ಎರಡು ವರ್ಷ ಹಳೆಯದಾದರೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಹಾಗಲ್ಲ. ನಿನ್ನೆ ಕೊಂಡ ಕಾರ್ಡಿನ ಪರಿಚಯವೇ ಅದಕ್ಕೆ ಇರುವುದಿಲ್ಲ. ಹೊಸ ಕಾರ್ಡ್ ಕೊಂಡವರಿಗಾಗಿ, ಹೊಸ ಆವೃತ್ತಿಯನ್ನು ಸ್ಥಿರ ಡೆಬಿಯನ್‌ಗೆ ತರುವ ‘ಬ್ಯಾಕ್‌ಪೋರ್ಟ್ಸ್’ ಎಂಬ ಪಕ್ಕದ ಬಾಗಿಲಿದೆ. ಹೊಸದಕ್ಕೆ ಆಸೆಪಟ್ಟು ಎಲ್ಲರ ಪರದೆಯನ್ನೂ ಕಪ್ಪಾಗಿಸುವುದಕ್ಕಿಂತ ಹಳೆಯದರಲ್ಲೇ ನಿಲ್ಲುವ ಈ ಹಠವೇ ವಾಸಿ ಎಂಬುದು ನನ್ನ ಅಭಿಪ್ರಾಯ, ಆಟಗಾರರು ಒಪ್ಪಲಿಕ್ಕಿಲ್ಲ.

ನಮ್ಮ ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಪ್ಯಾಕೇಜ್ ಕಟ್ಟುವ ಇದೇ ನಿಯಮಗಳಡಿ ಡೆಬಿಯನ್ ಸೇರಿವೆ. ಈ ಕೆಲಸದಲ್ಲಿ ಕೈ ಪಳಗಿಸಿಕೊಳ್ಳಬೇಕೆನ್ನುವ ಕನ್ನಡದ ಹುಡುಗ ಹುಡುಗಿಯರು ಮೇಸಾಗೆ ಕೈಹಾಕುವ ಮೊದಲು ಅಂಥ ಪುಟ್ಟ ಪ್ಯಾಕೇಜೊಂದನ್ನು ಬಿಚ್ಚಿ, ಮತ್ತೆ ಕಟ್ಟಿ ನೋಡುವುದು ಒಳ್ಳೆಯದು.