ಗಿಡ ಹೊಸದು, ಸೀಗಡಿ ಯಾಕೆ ಸತ್ತವು?

ಮೀನು ಆರಾಮಾಗಿದೆ.
ಸೀಗಡಿ ಮಾತ್ರ ಒಂದೊಂದೇ ಸಾಯ್ತಿವೆ.
ಯಾಕೆ?

ನಿನ್ನೆ ತಂದು ನೆಟ್ರಲ್ಲ,
ಆ ಗಿಡ ನೋಡಿ.

ಅಕ್ವೇರಿಯಂ ಗಿಡಗಳನ್ನ ನರ್ಸರಿಯಲ್ಲಿ
ಹೆಚ್ಚಾಗಿ ನೀರಿನ ಮೇಲೇ ಬೆಳೆಸ್ತಾರೆ.
ಹುಳ ಬೀಳಬಾರದು ಅಂತ
ಕೆಲವರು ಕೀಟನಾಶಕ ಹೊಡೀತಾರೆ.
ಸೀಗಡಿ ಯಾರು? ಕೀಟಗಳ ದೂರದ ನೆಂಟ!

ಸೊಳ್ಳೆ ಬತ್ತಿ ಹಚ್ಚಿದ ಕೋಣೆ ಥರ.
ನೀವು ಗೊರಕೆ ಹೊಡೀತೀರಿ,
ಸೊಳ್ಳೆ ಉದುರುತ್ತೆ.

ವಿಷ ತಗುಲಿದ್ರೆ ಹೆಚ್ಚಾಗಿ ನಡವಳಿಕೆಯಲ್ಲೇ ಸುಳಿವು ಸಿಗುತ್ತೆ.
ಸುಮ್ಮನೆ ಪಾಚಿ ಮೇಯೋ ಚೆರ್ರಿ ಸೀಗಡಿ
ಹುಚ್ಚೆದ್ದು ಟ್ಯಾಂಕ್ ತುಂಬಾ ಈಜುತ್ತೆ.
ಆಮೇಲೆ ಮಗ್ಗುಲಾಗಿ ಬಿದ್ದು
ಕಾಲು ಅದುರಿಸುತ್ತೆ.

ಹಾಗಾಗಿ ಹೊಸ ಗಿಡ ನೇರವಾಗಿ ಟ್ಯಾಂಕಿಗೆ ಬೇಡ.
ಕುಂಡ ತೆಗೀರಿ.
ಬೇರಿಗೆ ಅಂಟಿದ ಹತ್ತಿಯಂಥ ನಾರನ್ನ
ಪೂರ್ತಿ ಬಿಡಿಸಿ.
ಗೊಬ್ಬರ, ಔಷಧಿ ಅಲ್ಲೂ ಅಡಗಿರುತ್ತೆ.
ತೊಳೆದು, ಬೆಳಕಿರೋ ಕಡೆ
ಬಕೆಟ್‌ನಲ್ಲಿ ಎರಡು ವಾರ ಇಡಿ.
ನೀರು ದಿನಾ ಬದಲಾಯಿಸಿ.

ಪಟಿಕದ ನೀರಲ್ಲಿ ಅದ್ದಿದ್ರೆ ಸಾಲದಾ?
ಬಸವನಹುಳಕ್ಕಾದ್ರೆ ಸರಿ.
ಕೀಟನಾಶಕಕ್ಕೆ ಅದನ್ನ ನಂಬಬೇಡಿ.

ಅಷ್ಟು ಕಾಯೋ ತಾಳ್ಮೆ ಇಲ್ವಾ?
ಟಿಶ್ಯೂ ಕಲ್ಚರ್ ಕಪ್ ತಗೊಳ್ಳಿ.
ಲ್ಯಾಬ್‌ನಲ್ಲಿ ಬೆಳೆದ ಗಿಡ,
ಜೆಲ್ ತೊಳೆದು ನೆಟ್ರಾಯ್ತು.
ದುಡ್ಡು ಸ್ವಲ್ಪ ಜಾಸ್ತಿ, ನಿಜ.
ಸೀಗಡಿ ಸಾಕೋರಿಗೆ ನನ್ನ ಓಟು ಇದಕ್ಕೇ.

ಈಗಾಗಲೇ ನೆಟ್ಟುಬಿಟ್ಟಿದ್ರೆ?
ಗಿಡ ಈಗಲೇ ಕಿತ್ತು ಹಾಕಿ.
ಬೇರೆ ಹಳೇ ಟ್ಯಾಂಕ್ ಇದ್ರೆ
ಉಳಿದ ಸೀಗಡಿ ಅಲ್ಲಿಗೆ.
ಇಲ್ಲದಿದ್ರೆ ಸ್ವಲ್ಪ ಸ್ವಲ್ಪವಾಗಿ ನೀರು ಬದಲಾಯಿಸಿ,
ಫಿಲ್ಟರ್‌ಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ.